ಟವೆಲ್ ಹಾಕಿದ ಸೀಟು

ಸೀಟು ಎಂಬುದು ಇಂಗ್ಲಿಷ್ ಮಾತು ಎಂದು ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹೇಳಿ ನೋಡಿ, ಜನ ಜಗಳಕ್ಕೇ ಬರುತ್ತಾರೆ. ಅದಿಲ್ಲದೆ ಊರು ಒಂದು ದಿನವೂ ನಡೆಯುವುದಿಲ್ಲ. ಬಸ್ಸಿನಲ್ಲಿ ಕೂರುವುದು ಸೀಟು. ಮೂರು ಮೂರು ಜನ ಹತ್ತಿ ಹರಿದು ಹಾಕಿದ ಮೋಟಾರ್ ಸೈಕಲ್ಲಿನದೂ ಸೀಟೇ. ಪಂಚಾಯತಿಯಲ್ಲಿ ಹೆಂಗಸರಿಗೆಂದು ಮೀಸಲಿಟ್ಟ ಸೀಟು ಒಂದಿದೆ, ಅದರ ಮೇಲೆ ಅವರ ಗಂಡಂದಿರು ಕೂರುತ್ತಾರೆ, ಆ ಮಾತು ಈಗ ಬೇಡ. ಹಾಸ್ಟೆಲ್ ಸೀಟಿಗಾಗಿ ತಹಶೀಲ್ದಾರರ ಆಫೀಸಿನ ಮೆಟ್ಟಿಲು ಸವೆದಿವೆ. ಡಾಕ್ಟರ್ ಸೀಟು ಅಂತಲೂ ಒಂದಿದೆಯಂತೆ, ಅದನ್ನು ಈ ಊರಿನವರು ಪೇಪರಿನಲ್ಲಿ ಓದಿದ್ದೇ ಹೆಚ್ಚು.

ಇಷ್ಟರಲ್ಲಿ ಬಸ್ಸಿನ ಸೀಟಿನ ಮಟ್ಟಿಗೆ ಹನುಮಂತ್ರಾಯ ಊರಿಗೇ ದೊಡ್ಡವನು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಕುರಿಗಳನ್ನು ಅಣ್ಣಂದಿರಿಗೆ ಬಿಟ್ಟು, ಮೂವತ್ತು ವರ್ಷದಿಂದ ಬಸ್ ಸ್ಟ್ಯಾಂಡಿನಲ್ಲಿ ಹಮಾಲಿ ಮಾಡಿಕೊಂಡಿದ್ದವನು. ಗಂಟು ಮೂಟೆ ಹೊರುವುದು ಹೆಸರಿಗೆ ಮಾತ್ರ. ಅವನ ನಿಜವಾದ ಕೆಲಸ ಸೀಟು ಹಿಡಿಯುವುದು. ಬಸ್ಸು ಗೇಟಿನೊಳಗೆ ಮೂತಿ ಹಾಕುತ್ತಿದ್ದಂತೆ ಇವನು ಅದರ ಜೊತೆಗೇ ಓಡುತ್ತಿದ್ದ. ಹೆಗಲ ಮೇಲೆ ಸದಾ ಮೂರು ಟವೆಲ್. ಇನ್ನೂ ಚಕ್ರ ತಿರುಗುತ್ತಿರುವಾಗಲೇ ಕಿಟಕಿಯೊಳಗೆ ಕೈ ತೂರಿಸಿ ಒಂದೊಂದನ್ನೇ ಎಸೆಯುತ್ತಿದ್ದ. ಅವು ಹೋಗಿ ಬೀಳುತ್ತಿದ್ದದ್ದು ಸರಿಯಾಗಿ ಸೀಟಿನ ನಡುವೆ. ಬೆಂಗಳೂರಿಗೆ ದುಡಿಯಲು ಹೊರಟ ಸಂಸಾರ, ಹೆರಿಗೆಗೆ ತವರಿಗೆ ಹೊರಟ ಮಗಳು, ಆಸ್ಪತ್ರೆಗೆ ಹೊರಟ ಮುದುಕ, ಎಲ್ಲರೂ ಮೊದಲು ಹುಡುಕುತ್ತಿದ್ದದ್ದು ಇವನನ್ನೇ. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲಂತೂ ಬಸ್ಸುಗಳು ಬಿರಿಯುವಂತೆ ತುಂಬಿ, ಹನುಮಂತ್ರಾಯನ ಮರ್ಯಾದೆ ಇನ್ನೂ ಒಂದು ಮೆಟ್ಟಿಲು ಏರಿತ್ತು.

ಟವೆಲ್ಲಿಗೆ ಯಾವ ಪುಸ್ತಕದಲ್ಲೂ ಬರೆಯದ ಒಂದು ಕಾನೂನಿದೆ. ಅದು ಬಿದ್ದ ಮೇಲೆ ಸೀಟು ಹಾಕಿದವರದು. ಅವರು ಕಾಣದಿದ್ದರೂ ಅವರದೇ. ಒಮ್ಮೆ ಪೊಲೀಸಿನವನೊಬ್ಬ ಹನುಮಂತ್ರಾಯನ ಟವೆಲ್ ಸರಿಸಿ ಕೂತುಬಿಟ್ಟಿದ್ದ. ಇಡೀ ಬಸ್ಸೇ ಒಂದು ಬಾಯಾಗಿ ಬೈದು ಅವನನ್ನು ಎಬ್ಬಿಸಿತು. ಎದ್ದು ಹೋಗುವಾಗ ಪೊಲೀಸಿನವನೇ ಆ ಟವೆಲ್ಲನ್ನು ಕೊಡವಿ, ಮಡಚಿ, ಸೀಟಿನ ಮೇಲೆ ಇಟ್ಟು ಹೋದ. ಈ ಕತೆಯನ್ನು ಹನುಮಂತ್ರಾಯ ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಅವನ ಒಬ್ಬಳೇ ಮಗಳು ಚಂದ್ರಕಲಾ. ಚಿಕ್ಕವಳಿದ್ದಾಗ ಶಾಲೆ ಬಿಟ್ಟವಳೇ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದಳು. ಅಪ್ಪ ಯಾರಿಗೋ ಹಿಡಿದಿಟ್ಟ ಕಿಟಕಿ ಸೀಟಿನಲ್ಲಿ, ಆ ಯಾರೋ ಬರುವ ತನಕ, ಅವಳು ಕೂರುತ್ತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು ನಿಮಿಷ, ಹೊರಗೆ ನೋಡುತ್ತಾ ಎಲ್ಲಿಗೋ ಹೊರಟವಳ ಗತ್ತಿನಲ್ಲಿ ಇರುತ್ತಿದ್ದಳು. ಸೀಟಿನವರು ಬಂದ ಕೂಡಲೇ ಟವೆಲ್ ತೆಗೆದುಕೊಂಡು ಇಳಿದುಬಿಡುತ್ತಿದ್ದಳು. ಒಂದು ದಿನವೂ ಹಟ ಮಾಡಿದವಳಲ್ಲ. ‘ಒಂದಿನ ನಿನ್ನ ಸಲುವಾಗೇ ಹಿಡೀತೀನಿ ನೋಡವ್ವಾ, ಯಾರೂ ಎಬ್ಬಸಬಾರದು, ಅಂಥಾದ್ದು’ ಎಂದು ಹನುಮಂತ್ರಾಯ ಅವಳನ್ನು ಇಳಿಸಿಕೊಳ್ಳುವಾಗ ಹೇಳುತ್ತಿದ್ದ.

ಅವಳು ಹೈಸ್ಕೂಲಿನಲ್ಲಿದ್ದಾಗ ತಾಯಿ ಜಂಬಮ್ಮನಿಗೆ ಆಪರೇಷನ್ ಆಯಿತು. ಹನ್ನೊಂದು ದಿನ ರಾಯಚೂರಿನ ಆಸ್ಪತ್ರೆಯಲ್ಲಿ ತಾಯಿಯ ಮಂಚದ ಕೆಳಗೆ ಮಲಗಿ ಎದ್ದ ಹುಡುಗಿ, ಅಲ್ಲಿಯ ನರ್ಸೊಬ್ಬಳ ಬೆನ್ನು ಹತ್ತಿ ಜ್ವರ ಅಳೆಯುವುದು, ಸಲೈನ್ ಹನಿ ಎಣಿಸುವುದು ಕಲಿತು ಬಂದಳು. ಅಂದಿನಿಂದ ಅವಳ ಬಾಯಲ್ಲಿ ಒಂದೇ ಮಾತು, ನರ್ಸ್ ಆಗಬೇಕು. ಓದಿದಳು. ಮನೆಯಲ್ಲಿ ಕರೆಂಟು ಹೋದರೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಓದಿದಳು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದವು. ಹೋದ ವರ್ಷ ಮಹಾನವಮಿ ಅಮಾವಾಸ್ಯೆಗೆ ಎರಡು ದಿನ ಇರುವಾಗ, ಸೋಮವಾರ ಮಧ್ಯಾಹ್ನ, ಫೋನು ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಓಡುತ್ತಾ ಬಂದಳು.

‘ಯಪ್ಪಾ, ಸೀಟ್ ಸಿಕ್ತು! ರಾಯಚೂರಾಗ, ನರ್ಸಿಂಗು!’

ಚಹಾದ ಪರಮಣ್ಣ ಆವತ್ತು ಸ್ಟ್ಯಾಂಡಿಗೆಲ್ಲ ಚಹಾ ಹಂಚಿದ. ಕಂಡಕ್ಟರುಗಳು ಇಳಿದು ಬಂದು ಹನುಮಂತ್ರಾಯನ ಬೆನ್ನು ತಟ್ಟಿದರು. ‘ಯಾವ ಬಸ್ಸಿನ್ಯಾಗ ಹಿಡದ್ಯೋ ಮಾರಾಯಾ?’ ಎಂದು ಒಬ್ಬ ಚೇಷ್ಟೆ ಮಾಡಿದ. ಹನುಮಂತ್ರಾಯ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಮರುದಿನವೇ ಹೋಗಿ ಬರೋಣ, ನಾನೂ ಬರುತ್ತೇನೆ ಎಂದಳು ಚಂದ್ರಕಲಾ. ಅಪ್ಪ ಒಪ್ಪಲಿಲ್ಲ. ‘ನೀ ಯಾಕ ಗದ್ದಲದಾಗ ಬರ್ತಿ? ಮೊದಲ ನಾ ಹೋಗಿ ಹಿಡದು ಬರ್ತೀನಿ. ಆಮ್ಯಾಲ ನೀ ಆರಾಮ ಹೋಗಿ ಕುಂದ್ರು. ಊರ ಮಂದಿಗೆಲ್ಲ ಹಿಡದಾವಗ ಮಗಳಿಗೊಂದು ಹಿಡಿಯಾಕ ಬರಂಗಿಲ್ಲೇನು?’ ಎಂದ. ಹೆಮ್ಮೆ ಅಂದರೆ ಹೆಮ್ಮೆ. ಆ ಹೆಮ್ಮೆಯ ಮೇಲೆ ಈಗ ಸಿಟ್ಟು ಬರುತ್ತದೆ, ಆದರೆ ಆವತ್ತು ಅವನ ಮುಖ ನೋಡಿದ್ದರೆ ಯಾರಿಗೂ ಅಡ್ಡ ಮಾತಾಡಲು ಮನಸ್ಸು ಬರುತ್ತಿರಲಿಲ್ಲ. ಮಗಳಿಗೂ ಬರಲಿಲ್ಲ.

ಮಂಗಳವಾರ ಕಾಗದಪತ್ರದ ಫೈಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ರಾಯಚೂರಿಗೆ ಹೋದ. ತೀನ್ ಕಂದೀಲ್ ಸರ್ಕಲ್ಲಿನಲ್ಲಿ ಇಳಿದು, ನಾಲ್ಕು ಕಡೆ ಕೇಳಿ, ಕಾಲೇಜು ಮುಟ್ಟಿದ. ಆಫೀಸಿನ ಮುಂದೆ ಸಂತೆ ನೆರೆದಂತೆ ಜನ. ಮೇಜಿನ ಹಿಂದೆ ಅಂಬರೇಶ ಎಂಬ ಗುಮಾಸ್ತ ಬೆವರು ಒರೆಸಿಕೊಳ್ಳುತ್ತಾ ಒಬ್ಬೊಬ್ಬರದೇ ಫೈಲು ನೋಡುತ್ತಿದ್ದ.

‘ಹುಡುಗಿ ಎಲ್ಲಿ?’

‘ಊರಾಗ ಅದಾಳ್ರೀ ಸರ್. ನಾನು ಅವರಪ್ಪ.’

‘ಅಪ್ಪ ಬಂದ್ರ ಆಗಂಗಿಲ್ರೀ. ಆಕೀ ಬೆರಳಚ್ಚು ಬೇಕು, ಸಹಿ ಬೇಕು. ನಾಳಿ ಐದರ ಒಳಗ ಕರಕೊಂಡು ಬರ್ರಿ.’

ಹನುಮಂತ್ರಾಯ ಫೈಲಿನಿಂದ ಹತ್ತನೇ ಇಯತ್ತೆಯ ಅಸಲು ಅಂಕಪಟ್ಟಿ ತೆಗೆದು ಮೇಜಿನ ಮೇಲಿಟ್ಟ. ‘ಇದು ಇಲ್ಲೇ ಇರ್ಲಿ ಸರ್. ಗುರ್ತಿಗೆ.’

‘ಇಲ್ಲ್ಯಾಕ್ರೀ?’ ಎಂದ ಅಂಬರೇಶ. ಅಷ್ಟರಲ್ಲಿ ಹಿಂದಿನವರು ನೂಕಿದರು, ಯಾರದೋ ಕೈ ಮೇಜಿನ ಮೇಲೆ ಬಂತು, ಕಾಗದಗಳು ಹಾರಿದವು. ಅಸಲು ಕಾಗದ ಕಳೆದು ಹೋದರೆ ಯಾರ ತಲೆಗೆ ಬರುತ್ತದೋ ಎಂದು ಅವನು ಅದನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದ. ಡ್ರಾಯರು ಮುಚ್ಚಿದ್ದನ್ನು ಹನುಮಂತ್ರಾಯ ಕಣ್ಣಾರೆ ನೋಡಿದ. ಅವನ ಎದೆ ಹಗುರವಾಯಿತು. ಕಾಲೇಜಿನ ಸೀಟೂ ಬಸ್ಸಿನ ಸೀಟೂ ಒಂದೇ ಎಂದುಕೊಳ್ಳುವಷ್ಟು ದಡ್ಡನಲ್ಲ ಅವನು. ಆದರೆ ಮನುಷ್ಯರು ಎಲ್ಲ ಕಡೆ ಮನುಷ್ಯರೇ, ಒಬ್ಬರು ಗುರುತು ಇಟ್ಟು ಹೋದದ್ದನ್ನು ಇನ್ನೊಬ್ಬರು ಮುಟ್ಟುವುದಿಲ್ಲ ಎಂದು ನಂಬಿದ್ದ. ಮೂವತ್ತು ವರ್ಷ ಆ ನಂಬಿಕೆಯ ಮೇಲೆಯೇ ಅನ್ನ ಉಂಡವನು. ಐದರ ಒಳಗೆ ಎಂಬ ಮಾತು ಕಿವಿಗೆ ಬಿದ್ದಿರಲಿಲ್ಲ ಎಂದರೆ ಸುಳ್ಳಾದೀತು. ಬಿದ್ದಿತ್ತು. ಐದರ ಬಸ್ಸು ಐದೂವರೆಗೆ ಬಿಡುವುದನ್ನು ದಿನಾ ಕಂಡವನಿಗೆ ಅದು ಅಷ್ಟು ದೊಡ್ಡ ಮಾತೆನಿಸಲಿಲ್ಲ.

ಮನೆಗೆ ಬಂದವನೇ ‘ಹಿಡದು ಬಂದೆ’ ಎಂದ. ಜಂಬಮ್ಮ ಮಗಳ ಮುಖಕ್ಕೆ ದೃಷ್ಟಿ ತೆಗೆದಳು.

‘ನಾಳಿ ಹೋಗಬೇಕೇನಪ್ಪಾ?’ ಎಂದು ಚಂದ್ರಕಲಾ ಕೇಳಿದಳು.

‘ನಾಳಿ ಅಮಾಸಿ. ದೇವಸೂಗೂರಿನ ಗುಡಿಗೆ ಹೋಗೂ ಮಂದಿ, ಬಸ್ಸಿನ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ. ನನಗೂ ಎಂಟು ಮನಿಯವ್ರು ಮೊದಲೇ ಹೇಳ್ಯಾರ. ನಾಡದ ಹೋಗೂಣು. ಹಿಡದದ್ದು ಎಲ್ಲಿಗೂ ಹೋಗಂಗಿಲ್ಲ.’

ಚಂದ್ರಕಲಾ ಕೈಯಲ್ಲಿದ್ದ ಫೋನನ್ನು ಒಮ್ಮೆ ನೋಡಿದಳು, ಒಮ್ಮೆ ಅಪ್ಪನನ್ನು ನೋಡಿದಳು. ‘ಆತು’ ಎಂದಳು.

ಬುಧವಾರ ಇಡೀ ದಿನ ಹನುಮಂತ್ರಾಯ ಬಸ್ಸುಗಳ ಜೊತೆ ಓಡಿದ. ಅಷ್ಟು ಸೀಟು ಅವನು ಜನ್ಮದಲ್ಲಿ ಹಿಡಿದಿರಲಿಲ್ಲ. ಸಂಜೆ ಐದು ಗಂಟೆಗೆ ಲಿಂಗಸುಗೂರಿನ ಬಸ್ಸಿನ ಕಿಟಕಿಯಲ್ಲಿ ನೇತಾಡುತ್ತಾ, ಗಬ್ಬೂರಿನ ಮುದುಕಿಯೊಬ್ಬಳಿಗೆ ಜಾಗ ಮಾಡುತ್ತಿದ್ದ.

ಗುರುವಾರ ಬೆಳಿಗ್ಗೆ ರಾಯಚೂರಿನ ಬಸ್ಸಿನಲ್ಲಿ ಮಗಳಿಗೆ ಕಿಟಕಿ ಸೀಟು ಹಿಡಿದ. ಅವಳು ನೀಲಿ ಚೂಡಿದಾರ ಹಾಕಿದ್ದಳು. ಕಲ್ಮಲ ದಾಟುವಾಗ ಬಾಟಲಿಯ ನೀರಿನಲ್ಲಿ ಮುಖ ತೊಳೆದು, ಪುಟ್ಟ ಕನ್ನಡಿಯಲ್ಲಿ ಕುಂಕುಮ ನೇರ ಮಾಡಿಕೊಂಡಳು. ಹನುಮಂತ್ರಾಯ ಪಕ್ಕದಲ್ಲಿ ಕೂತು ಅದನ್ನೆಲ್ಲ ಕಣ್ತುಂಬ ನೋಡಿದ.

ಆಫೀಸಿನ ಮುಂದೆ ಆವತ್ತು ನರಪಿಳ್ಳೆಯೂ ಇರಲಿಲ್ಲ. ಅಂಬರೇಶ ಇವರನ್ನು ನೋಡಿದ ಕೂಡಲೇ ಡ್ರಾಯರು ತೆರೆದು ಅಂಕಪಟ್ಟಿ ಹೊರಗಿಟ್ಟ.

‘ನಿನ್ನಿ ಯಾಕ ಬರ್ಲಿಲ್ರೀ? ಐದಕ್ಕ ಮುಚ್ಚಿತು. ನಿಮ್ಮ ಸೀಟು ಮುಂದಿನವ್ರಿಗೆ ಹೋಗ್ಯಾದ.’

‘ಹೋಗ್ಯಾದ ಅಂದ್ರ? ನಾ ಇಟ್ಟು ಹೋಗಿದ್ನಲ್ರೀ.’

‘ನೀವಿಟ್ಟದ್ದು ಇಲ್ಲೇ ಅದ ನೋಡ್ರಿ. ಸೀಟು ಕಂಪ್ಯೂಟರಿನ್ಯಾಗ ಇರ್ತದ. ನಾ ಏನು ಮಾಡ್ಲಿ?’

‘ಯಾರು ಕುಂತಾರ್ರೀ? ಅವ್ರನ್ನ ಎಬ್ಬಸ್ರಿ’ ಎಂದ ಹನುಮಂತ್ರಾಯ. ಅವನ ದನಿ ಏರಿತು. ‘ನೀವು ಹೇಳಾಕ ಆಗಲಿಲ್ಲಂದ್ರ ನಾ ಹೇಳ್ತೀನಿ. ಮೊದಲ ನಾ ಹಿಡದಿದ್ದೆ. ಎಬ್ಬಸ್ರಿ ಅವ್ರನ್ನ!’

ಅಂಬರೇಶ ಕೆಟ್ಟವನಲ್ಲ. ಅವನು ಎದ್ದು ಬಂದು ಕುರ್ಚಿ ಸರಿಸಿ ‘ಕುಂದ್ರಿ ಯಜಮಾನ್ರೇ, ನೀರು ಕುಡೀರಿ’ ಎಂದ. ಹನುಮಂತ್ರಾಯ ಕೂರಲಿಲ್ಲ. ಇಲ್ಲಿ ಕೂಗಿದರೆ ಜೊತೆಗೆ ಕೂಗಲು ಒಂದು ಬಸ್ಸಿನ ಜನವಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಬಾಗಿಲ ಹತ್ತಿರ ನಿಂತ ಮಗಳು ಬಂದು ಅಂಕಪಟ್ಟಿ ತೆಗೆದುಕೊಂಡು, ಅವನ ತೋಳು ಹಿಡಿದು ‘ಯಪ್ಪಾ, ನಡಿ’ ಎಂದಳು. ಅಷ್ಟೇ ಅಂದಳು.

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಜಂಬಮ್ಮ ಮೂರು ದಿನ ಬೈದಳು, ನಾಲ್ಕನೇ ದಿನ ಅನ್ನ ಬಡಿಸಿದಳು. ಮಗಳು ಒಂದು ಮಾತೂ ಆಡಲಿಲ್ಲ. ‘ಬರೂ ವರ್ಷ ಮತ್ತ ಹಾಕೂಣವ್ವಾ’ ಎಂದರೆ ‘ಹ್ಞೂಂ’ ಎನ್ನುತ್ತಿದ್ದಳು. ದೀಪಾವಳಿ ಮುಗಿದ ಮೇಲೆ ಮಾನ್ವಿಗೆ, ಸೋದರತ್ತೆ ತಿಮ್ಮವ್ವನ ಮನೆಗೆ ಹೋದವಳು ಅಲ್ಲೇ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ವರ್ಷ ತುಂಬುವ ತನಕ ಸುಮ್ಮನೆ ಯಾಕೆ ಕೂರಲಿ ಎಂದು ಫೋನಿನಲ್ಲಿ ಹೇಳಿದಳು.

ಹನುಮಂತ್ರಾಯ ಕೆಲಸ ಬಿಡಲಿಲ್ಲ, ಬಿಟ್ಟರೆ ಬೇರೇನು ಬರುತ್ತದೆ ಅವನಿಗೆ? ಸೋಮವಾರ ಬೆಳಿಗ್ಗೆ ರಾಯಚೂರಿನ ಬಸ್ಸಿಗೆ ನರ್ಸಿಂಗ್ ಓದುವ ಹುಡುಗಿಯರು ನಾಲ್ಕೈದು ಜನ ಬರುತ್ತಿದ್ದರು. ಬಿಳಿ ಕೋಟು ಮಡಚಿ ತೋಳ ಮೇಲೆ ಹಾಕಿಕೊಂಡಿರುತ್ತಿದ್ದರು. ‘ಕಾಕಾ, ನಮಗೂ ಒಂದು ಹಿಡೀರಿ’ ಎನ್ನುತ್ತಿದ್ದರು. ಅವರಲ್ಲಿ ಯಾರಾದರೂ ಚಂದ್ರಕಲಾಳ ಸೀಟಿಗೆ ಬಂದವಳಿದ್ದಾಳೋ ಏನೋ ಅವನಿಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಪ್ರತಿಯೊಬ್ಬಳಿಗೂ ಹಿಡಿದು ಕೊಡುತ್ತಿದ್ದ. ಬಸ್ಸು ಹೋದ ಮೇಲೆ ಪರಮಣ್ಣನ ಅಂಗಡಿಯ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದ.

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಾಗ ಮತ್ತೆ ಅರ್ಜಿ ಕರೆದರು. ಹನುಮಂತ್ರಾಯ ದಿನಾ ಇಂಟರ್ನೆಟ್ ಅಂಗಡಿಗೆ ಹೋಗಿ ಕೇಳುತ್ತಿದ್ದ. ಕಡೆಯ ದಿನ ಶನಿವಾರ. ಮಗಳಿಗೆ ಫೋನು ಮಾಡಿದಾಗಲೆಲ್ಲ ‘ನೋಡೂಣಪ್ಪಾ’ ಎನ್ನುವಳೇ ಹೊರತು ಅರ್ಜಿ ಹಾಕಿದೆ ಎನ್ನಲಿಲ್ಲ. ಬುಧವಾರ ಅವನು ಫೈಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಾನೇ ಮಾನ್ವಿಗೆ ಹೊರಟ. ಮರುದಿನ ಅಮಾವಾಸ್ಯೆ, ಅಂಗಡಿಗೆ ರಜೆ, ಮಗಳು ಹೇಗೂ ಊರಿಗೆ ಬರುವವಳು. ದಾರಿಯಲ್ಲಿ ಅರ್ಜಿ ಹಾಕಿಸಿಕೊಂಡೇ ಬರೋಣ ಎಂಬುದು ಅವನ ಲೆಕ್ಕಾಚಾರ. ಈ ಸಲ ಎಲ್ಲಿಗೂ ಒಬ್ಬನೇ ಹೋಗುವುದಿಲ್ಲ, ಒಂದು ದಿನವೂ ಮುಂದೆ ಹಾಕುವುದಿಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡ. ಮಗಳು ಒಂದು ಸಲ ಹ್ಞೂಂ ಅಂದರೆ ಸಾಕಿತ್ತು.

ಅಂಗಡಿ ದೊಡ್ಡದು. ಬಿಳಿ ಗಾದಿಯ ಮೇಲೆ ಸೀರೆಗಳ ರಾಶಿ, ಈಚೆ ಬದಿಗೆ ಗಿರಾಕಿಗಳಿಗೆ ಮೆತ್ತನೆಯ ಸ್ಟೂಲುಗಳ ಸಾಲು. ಚಂದ್ರಕಲಾ ಅಪ್ಪನನ್ನು ನೋಡಿ ನಕ್ಕಳು. ಒಂದು ಸ್ಟೂಲು ಎಳೆದು ‘ಕುಂದ್ರಪ್ಪಾ’ ಎಂದಳು. ಬಡಕಲಾಗಿದ್ದಳು. ಹನುಮಂತ್ರಾಯ ಕೂತು, ಪಕ್ಕದ ಸ್ಟೂಲು ತಟ್ಟಿ ‘ನೀನೂ ಕುಂದ್ರು ಬಾ’ ಎಂದ.

‘ಇಲ್ಲಪ್ಪಾ. ಅವು ಗಿರಾಕಿಗಳವು. ನಮಗ ಸೀಟ್ ಇರಂಗಿಲ್ಲ.’

‘ಮುಂಜಾನಿಂದ ಸಂಜಿಮಟ?’

‘ಉಣ್ಣಾಕ ಅರ್ಧ ತಾಸು ಬಿಡ್ತಾರ.’

ಹನುಮಂತ್ರಾಯನ ಕಣ್ಣು ಅವಳ ಪಾದದ ಮೇಲೆ ಹೋಯಿತು. ಚಪ್ಪಲಿಯ ಪಟ್ಟಿ ಒತ್ತಿ ಪಾದಗಳು ಬಾತುಕೊಂಡಿದ್ದವು. ಅವಳು ಮಾತಾಡುತ್ತಲೇ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕುತ್ತಿದ್ದಳು. ಅವನಿಗೆ ಕೂರಲಾಗಲಿಲ್ಲ. ಎದ್ದು ನಿಂತು, ಸಂಜೆ ಹೊತ್ತಿರುವಾಗಲೇ ಅವಳನ್ನು ಬಿಡುವ ತನಕ ಹೊರಗೆ ಮೆಟ್ಟಿಲ ಪಕ್ಕದಲ್ಲಿ ನಿಂತೇ ಇದ್ದ.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಫೈಲು ಬಿಚ್ಚಿ ತೋರಿಸಿದ. ‘ಎಲ್ಲ ತಂದೀನವ್ವಾ. ಅಲ್ಲೇ ಮೂಲ್ಯಾಗ ಇಂಟರ್ನೆಟ್ ಅಂಗಡಿ ಅದ, ಹತ್ತು ನಿಮಿಷದ ಕೆಲಸ. ಈ ಸಲ ನಾ ಮುಂದ ಮುಂದ ಹೋಗಂಗಿಲ್ಲ. ನೀ ಹೇಳಿದಂಗ.’

ಚಂದ್ರಕಲಾ ಫೈಲನ್ನು ಮುಚ್ಚಿ ಅವನ ಕೈಗೇ ಕೊಟ್ಟಳು. ‘ಬ್ಯಾಡಪ್ಪಾ.’

‘ಯಾಕವ್ವಾ? ತಪ್ಪು ನಂದು. ನನಗ ಬಡಿ, ಬೈಯಿ. ನನ್ನ ಮ್ಯಾಲಿನ ಸಿಟ್ಟಿಗೆ ನಿಂದ್ಯಾಕ ಹಾಳು ಮಾಡ್ಕೋತಿ?’

‘ನಿನ್ನ ಮ್ಯಾಲ ಸಿಟ್ಟಿಲ್ಲಪ್ಪಾ.’ ಅವಳು ನಿಂತಳು. ದನಿ ಏರಿಸಲಿಲ್ಲ. ‘ಮೆಸೇಜಿನ್ಯಾಗ ಬರದಿತ್ತು. ಬುಧವಾರ ಐದು ಗಂಟೆ, ಹುಡುಗಿನೇ ಬರಬೇಕು, ಇಲ್ಲಂದ್ರ ಸೀಟ್ ಹೋಗ್ತದ ಅಂತ. ನಾ ಮೊದಲೇ ಓದಿದ್ದೆ. ಮೂರು ಸಲ ಓದಿದ್ದೆ.’

ಹನುಮಂತ್ರಾಯ ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

‘ನೀ ಹಿಡದು ಬಂದೆ ಅಂದಿ. ನೀ ಹಿಡದದ್ದು ಯಾರರ ತಗದದ್ದು ನಾ ಹುಟ್ಟಿದಾಗಿಂದ ನೋಡಿಲ್ಲ. ಮೆಸೇಜೇ ಸುಳ್ಳಿರಬೇಕು ಅಂದ್ಕೊಂಡೆ.’ ಅವಳು ತುಟಿ ಕಚ್ಚಿದಳು. ‘ಓದಿದಾಕಿ ನಾನು. ನೀ ಏನು ಮಾಡ್ತೀ? ಮತ್ತ ಅರ್ಜಿ ಹಾಕೂದು, ಮತ್ತ ಕಾಯೂದು, ಮತ್ತ ನಂಬೂದು ನನ್ನ ಕೈಲಿ ಆಗಂಗಿಲ್ಲಪ್ಪಾ. ಕೇಳಬ್ಯಾಡ.’

ಇಷ್ಟು ದಿನ ಅವನು ತನ್ನ ತಪ್ಪಿನಿಂದ ಸೀಟು ಹೋಯಿತೆಂದು ಅತ್ತಿದ್ದ. ಹೋದದ್ದು ಸೀಟೊಂದೇ ಅಲ್ಲ ಎಂದು ಈಗ ತಿಳಿಯಿತು. ಇಡೀ ಜಗತ್ತಿನಲ್ಲಿ ಅವನ ಟವೆಲ್ಲನ್ನು ಅಷ್ಟು ನಂಬಿದವರು ಇನ್ನೊಬ್ಬರಿರಲಿಲ್ಲ.

ದೇವದುರ್ಗದ ಬಸ್ಸು ಬಂತು. ಅಮಾವಾಸ್ಯೆಯ ಹಿಂದಿನ ದಿನ, ಜನವೋ ಜನ. ಹನುಮಂತ್ರಾಯನ ಕಾಲುಗಳು ಅವನನ್ನು ಕೇಳದೆಯೇ ಓಡಿದವು. ಕಿಟಕಿಯೊಳಗೆ ಕೈ ತೂರಿಸಿ ಟವೆಲ್ ಎಸೆದ. ಕಿಟಕಿ ಸೀಟು. ನೂಕಿಕೊಂಡು ಒಳಗೆ ಹತ್ತಿ, ಮಗಳಿಗೆ ದಾರಿ ಮಾಡಿ, ‘ಬಾ ಬಾ, ಕುಂದ್ರು’ ಎಂದು ಕರೆದ.

ಚಂದ್ರಕಲಾ ಬಂದಳು. ಮೇಲಿನ ಸರಳು ಹಿಡಿದು ಸೀಟಿನ ಪಕ್ಕದಲ್ಲಿ ನಿಂತಳು.

‘ನೀ ಕುಂದ್ರಪ್ಪಾ. ನನಗ ನಿಂತು ರೂಢಿ ಆಗ್ಯಾದ.’

ಸಿಟ್ಟಿನಿಂದ ಹೇಳಿದ್ದಲ್ಲ. ಅಪ್ಪನ ಕಾಲು ನೋಯಬಾರದೆಂದು ಹೇಳಿದ್ದು. ಅದಕ್ಕೇ ಅವನಿಗೆ ತಡೆಯಲಾಗಲಿಲ್ಲ. ಅವನೂ ಕೂರಲಿಲ್ಲ, ಇನ್ನೊಂದು ಸರಳು ಹಿಡಿದು ನಿಂತ. ಬಸ್ಸು ಹೊರಟಿತು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಆ ಒಂದು ಸೀಟು ಟವೆಲ್ ಹೊದ್ದು ಖಾಲಿ ಹೋಗುತ್ತಿತ್ತು. ಜನ ಅದನ್ನು ನೋಡಿದರು, ಟವೆಲ್ ನೋಡಿದರು, ಯಾರೋ ಹತ್ತುವವರಿದ್ದಾರೆ ಎಂದು ಸುಮ್ಮನಾದರು. ಯಾರೂ ಮುಟ್ಟಲಿಲ್ಲ. ಕಂಡಕ್ಟರು ಒಮ್ಮೆ ಗೊಣಗಿ ಮುಂದೆ ಹೋದ.

ಹನುಮಂತ್ರಾಯ ಮಗಳ ಕಡೆ ಎರಡು ಸಲ ನೋಡಿದ. ಅವಳು ಕಿಟಕಿಯ ಆಚೆ, ನೀರಿಗಾಗಿ ಕಾದು ಬಿದ್ದ ಗದ್ದೆಗಳನ್ನು ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಹಾಗೆಯೇ ನೋಡುತ್ತಿದ್ದಳು. ಆಗ ಬಸ್ಸು ನಿಂತಿರುತ್ತಿತ್ತು.

ಸಿರವಾರದಲ್ಲಿ ಮುದುಕಿಯೊಬ್ಬಳು ಎರಡು ಮಣ್ಣಿನ ಎತ್ತುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹತ್ತಿದಳು. ಜನರ ನಡುವೆ ತೂರಿಕೊಂಡು ಬಂದು, ಸೀಟಿನ ಮುಂದೆ ನಿಂತು, ಟವೆಲ್ ನೋಡಿದಳು.

‘ಇಲ್ಲಿ ಯಾರರ ಬರೋರು ಅದಾರೇನಪ್ಪಾ?’

ಮೂವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನು ಸಾವಿರಾರು ಸಲ ಕೇಳಿಸಿಕೊಂಡಿದ್ದ. ಪ್ರತಿ ಸಲವೂ, ಅದಾರ, ಈಗ ಬರ್ತಾರ ಎಂದೇ ಹೇಳಿದ್ದ. ಚಂದ್ರಕಲಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಹನುಮಂತ್ರಾಯ ಬಗ್ಗಿ ತನ್ನ ಕೈಯಿಂದಲೇ ಟವೆಲ್ ತೆಗೆದುಕೊಂಡ.

‘ಯಾರೂ ಇಲ್ಲ ತಾಯಿ’ ಎಂದ. ‘ಕುಂದ್ರು.’